ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರ ಕಣ್ಣು, ಕತ್ತು, ಕೈ: ಪದೇ ಪದೇ ಕೇಳುವ ಪ್ರಶ್ನೆಗಳು

ಕತೆಗಾರರು, ಅನುವಾದಕರು, ಪತ್ರಕರ್ತರು, ಕರಡು ತಿದ್ದುವವರು, ಡಿಟಿಪಿ ಕೆಲಸದವರು, ಪಿಎಚ್‌ಡಿ ಪ್ರಬಂಧ ಮುಗಿಸುವ ಅವಸರದಲ್ಲಿರುವವರು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಇಂಗ್ಲಿಷ್ ಟೈಪ್ ಮಾಡುವವರಿಗೆ ಹೇಳಿದ ಸಲಹೆಗಳು ಬೇಕಾದಷ್ಟು ಸಿಗುತ್ತವೆ. ಕನ್ನಡದ ಒತ್ತಕ್ಷರ, ಕನ್ನಡದ ಕೀಲಿಮಣೆ, ನಮ್ಮ ಮನೆಗಳ ಊಟದ ಟೇಬಲ್ಲು, ತಲೆ ಮೇಲಿನ ಫ್ಯಾನು ಅವುಗಳ ಲೆಕ್ಕಕ್ಕೆ ಬಂದಿರುವುದಿಲ್ಲ. ಮೊದಲ ಪ್ರಶ್ನೆಗಳು ಎಲ್ಲರಿಗೂ ಬೇಕಾದವು, ಕೊನೆಯವು ಆಗಲೇ ನೋವು ಶುರುವಾದವರಿಗೆ.

## ಕೂರುವ ಜಾಗ

ಮನೇಲಿರೋದು ಊಟದ ಟೇಬಲ್ಲು, ಪ್ಲಾಸ್ಟಿಕ್ ಕುರ್ಚಿ ಅಷ್ಟೇ. ಹೊಸದು ತಗೊಳ್ಳಲೇಬೇಕಾ?

ಬೇಡ. ಒಂದು ಅಳತೆ ಸರಿಮಾಡಿಕೊಂಡರೆ ಇರುವುದರಲ್ಲೇ ವರ್ಷಗಟ್ಟಲೆ ಬರೆಯಬಹುದು.

ಊಟದ ಟೇಬಲ್ಲಿನ ಎತ್ತರ ಸಾಮಾನ್ಯವಾಗಿ 30 ಇಂಚು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವ ಜಾಗ ನೆಲದಿಂದ ಸುಮಾರು 17 ಇಂಚು. ಕೂತಾಗ ಮೊಣಕೈ ಕುರ್ಚಿಯಿಂದ 9 ಇಂಚು ಮೇಲಿರುತ್ತದೆ ಎಂದುಕೊಳ್ಳಿ. ಅಂದರೆ ನಿಮ್ಮ ಮೊಣಕೈ 26 ಇಂಚಿನಲ್ಲಿ, ಟೇಬಲ್ಲು 30 ಇಂಚಿನಲ್ಲಿ. ಈ ನಾಲ್ಕು ಇಂಚನ್ನು ಸರಿದೂಗಿಸಲು ಭುಜ ಮೇಲೇರುತ್ತದೆ. ನಮಗೆ ಗೊತ್ತೇ ಆಗದ ಹಾಗೆ ಎರಡು ಗಂಟೆ ಹೊತ್ತು ಭುಜ ಎತ್ತಿಕೊಂಡೇ ಕೂತಿರುತ್ತೇವೆ. ಕತ್ತಿನ ಬುಡದಲ್ಲಿ ಗಂಟು ಕಟ್ಟಿದಂಥ ನೋವು ಹೆಚ್ಚಿನವರಿಗೆ ಬರುವುದು ಇಲ್ಲಿಂದಲೇ.

ಟೇಬಲ್ಲಿನ ಕಾಲು ಕತ್ತರಿಸಲಾಗುವುದಿಲ್ಲ, ಆದ್ದರಿಂದ ನೀವು ಮೇಲೇರಬೇಕು. ಕೂತ ಮೇಲೂ 3–4 ಇಂಚು ಉಳಿಯುವಷ್ಟು ಗಟ್ಟಿ ದಿಂಬು ಹಾಕಿಕೊಳ್ಳಿ. ಹಂಜಿಯ ಮೆತ್ತೆ ಕೂತ ಕೂಡಲೇ ಒಂದು ಇಂಚಿಗೆ ಇಳಿಯುತ್ತದೆ, ಅದು ಸಾಲದು. ಮಡಿಸಿದ ಜಮಖಾನ ಅಥವಾ ಗಟ್ಟಿ ಫೋಮ್ ಒಳ್ಳೆಯದು. ಒಂದೇ ಮಾಡೆಲಿನ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಕೂರಿಸಿದರೂ ಎರಡು ಮೂರು ಇಂಚು ಸಿಗುತ್ತದೆ. ಬೇರೆ ಬೇರೆ ಮಾಡೆಲ್ ಸೇರಿಸಬೇಡಿ, ಮೇಲಿನದು ಜಾರುತ್ತದೆ.

ಮೇಲೇರಿದ ಮೇಲೆ ಪಾದ ನೆಲಕ್ಕೆ ಎಟುಕುವುದಿಲ್ಲ. ಇದನ್ನು ಮರೆಯುವವರೇ ಹೆಚ್ಚು. ಕಾಲು ನೇತಾಡಿದರೆ ಕುರ್ಚಿಯ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತದೆ, ಜೋಮು ಹಿಡಿಯುತ್ತದೆ, ಆಮೇಲೆ ನೀವು ಮುಂದಕ್ಕೆ ಜಾರುತ್ತೀರಿ, ಸೊಂಟ ಬಾಗುತ್ತದೆ. ದಿಂಬು ಎಷ್ಟು ಎತ್ತರವೋ ಅಷ್ಟೇ ಎತ್ತರದ ಮಣೆಯನ್ನೋ, ಹಳೆಯ ದಪ್ಪ ಪುಸ್ತಕಗಳ ಕಟ್ಟನ್ನೋ ಪಾದದ ಕೆಳಗಿಡಿ. ಕೊನೆಗೆ ಒಂದು ಟವೆಲ್ ಸುರುಳಿ ಸುತ್ತಿ, ಪ್ಯಾಂಟಿನ ಬೆಲ್ಟಿಗಿಂತ ಸ್ವಲ್ಪ ಮೇಲೆ ಬರುವಂತೆ ಬೆನ್ನಿನ ಹಿಂದೆ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಒಳಗೆ ತಗ್ಗಾಗಿರುವುದರಿಂದ ಈ ಸುರುಳಿ ಇಲ್ಲದಿದ್ದರೆ ನಡು ಅದೇ ತಗ್ಗಿನಲ್ಲಿ ಕುಸಿಯುತ್ತದೆ.

ಸರಿಯಾಗಿದೆಯೇ ಎಂದು ನೋಡಲು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ, ಉಸಿರು ಬಿಡಿ. ಉಸಿರಿನ ಜೊತೆ ಭುಜ ಕೆಳಗಿಳಿದರೆ ಟೇಬಲ್ಲು ಇನ್ನೂ ಎತ್ತರವೇ ಇದೆ.

ಲ್ಯಾಪ್‌ಟಾಪ್ ಒಂದರಲ್ಲೇ ಬರೀತೀನಿ. ಅರ್ಧ ಗಂಟೆಗೆ ಕತ್ತು ಹಿಡ್ಕೊಳ್ಳುತ್ತೆ. ಏನು ಮಾಡಲಿ?

ಲ್ಯಾಪ್‌ಟಾಪಿನಲ್ಲಿ ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಯಾದ ಎತ್ತರದಲ್ಲಿಟ್ಟರೆ ಕತ್ತು ಬಗ್ಗುತ್ತದೆ, ಕಣ್ಣಿಗೆ ಸರಿಯಾಗಿಟ್ಟರೆ ಭುಜ ಏರುತ್ತದೆ. ಹಾಗೇ ಇಟ್ಟುಕೊಂಡು ಎಷ್ಟು ಸರ್ಕಸ್ ಮಾಡಿದರೂ ಪರಿಹಾರವಿಲ್ಲ, ಎರಡನ್ನೂ ಬೇರೆ ಮಾಡಲೇಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಎರಡು ಬೆರಳು ಕೆಳಗೆ ಬರುವಂತೆ ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲೆ ಎತ್ತರಿಸಿ. ಒಂದು ಬೇರೆ ಕೀಬೋರ್ಡ್, ಒಂದು ಮೌಸ್ ಕೆಳಗಿಡಿ. ಸಾಧಾರಣ ತಂತಿಯ ಕೀಬೋರ್ಡ್ ಸಾಕು. ನೂರು ಪುಟಕ್ಕಿಂತ ಹೆಚ್ಚು ಬರೆಯುವ ಯೋಜನೆಯಿದ್ದರೆ ಕುರ್ಚಿಗಿಂತ ಮೊದಲು ಇದನ್ನೇ ಕೊಳ್ಳಿ ಎನ್ನುತ್ತೇವೆ.

ಎತ್ತರಿಸುವಾಗ ಅಡಿಯ ಗಾಳಿಕಿಂಡಿ ಮುಚ್ಚದಂತೆ ಎರಡು ಬದಿಗೆ ಪುಸ್ತಕವಿಟ್ಟು ನಡುವೆ ಜಾಗ ಬಿಡಿ.

ಮೂಲ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಅನುವಾದ ಮಾಡ್ತೀನಿ. ಕತ್ತಿನ ಒಂದೇ ಕಡೆ ನೋವು ಬರುತ್ತೆ, ಯಾಕೆ?

ಪುಸ್ತಕ ಮೇಜಿನ ಮೇಲೆ ಚಪ್ಪಟೆಯಾಗಿ, ಒಂದೇ ಪಕ್ಕದಲ್ಲಿ ಮಲಗಿರುತ್ತದೆ. ಪ್ರತಿ ವಾಕ್ಯಕ್ಕೂ ಕತ್ತು ಬಗ್ಗುವುದರ ಜೊತೆಗೆ ತಿರುಗುತ್ತದೆ. ಒಂದು ಪುಟದಲ್ಲಿ ಇಪ್ಪತ್ತು ಮೂವತ್ತು ಸಲ, ಅದೂ ಒಂದೇ ದಿಕ್ಕಿಗೆ.

ಮನೆಯಲ್ಲಿ ವ್ಯಾಸಪೀಠ ಇದ್ದರೆ ಹೊರತೆಗೆಯಿರಿ, ಇದಕ್ಕಿಂತ ಒಳ್ಳೆಯ ಸಾಧನ ಅಂಗಡಿಯಲ್ಲೂ ಸಿಗುವುದು ಕಷ್ಟ. ಪರದೆಗೂ ಕೀಬೋರ್ಡಿಗೂ ನಡುವೆ, ನಿಮ್ಮ ಎದುರಿಗೇ ಇಟ್ಟರೆ ಕಣ್ಣು ಮಾತ್ರ ಇಳಿಯುತ್ತದೆ, ಕತ್ತು ತಿರುಗುವುದಿಲ್ಲ. ಜಾಗ ಸಾಲದಿದ್ದರೆ ಪರದೆಗೆ ತಾಗಿಸಿ, ಅದೇ ಎತ್ತರಕ್ಕೆ, ಅಷ್ಟೇ ದೂರದಲ್ಲಿ ಇಡಿ, ಮತ್ತು ಅಧ್ಯಾಯಕ್ಕೊಮ್ಮೆ ಎಡದಿಂದ ಬಲಕ್ಕೆ ಬದಲಿಸಿ. ಪುಟ ಮಗುಚದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಾಕು. ನಿಘಂಟು ಬೇರೆಡೆ ಇರಲಿ. ಅದಕ್ಕಾಗಿ ಎದ್ದು ಹೋಗುವುದು ಮೈಗೆ ಒಳ್ಳೆಯದೇ.

ನನಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಬರೆದೇ ಅಭ್ಯಾಸ. ಅದು ತಪ್ಪಾ?

ತಪ್ಪಲ್ಲ, ಆದರೆ ಪರದೆ ಕೆಳಗಿರುವುದು ತಪ್ಪು. ಗೋಡೆಗೆ ಬೆನ್ನು ಕೊಟ್ಟು, ಪೃಷ್ಠದ ಕೆಳಗೆ 3–4 ಇಂಚಿನ ದಿಂಬು ಹಾಕಿಕೊಂಡರೆ ಮಂಡಿ ಸೊಂಟಕ್ಕಿಂತ ಕೆಳಗಿಳಿದು ನಡು ತಾನಾಗಿ ನೆಟ್ಟಗಾಗುತ್ತದೆ. ಕೀಬೋರ್ಡಿಗೆ ತೊಡೆಗೆ ತಾಗದಷ್ಟೇ ಎತ್ತರದ ಗಿಡ್ಡ ಮೇಜು, ಪರದೆಗೆ ಅದರ ಮೇಲೆ ಇನ್ನೊಂದು ಪೆಟ್ಟಿಗೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕಾಲು ಬದಲಿಸಿ, ಚಾಚಿ. ಮಂಡಿನೋವು ಇರುವವರಿಗೆ, ಕಾಲು ಬೇಗ ಮರಗಟ್ಟುವವರಿಗೆ ಈ ಭಂಗಿ ಬೇಡ.

ಹಾಸಿಗೇಲಿ ತೊಡೆ ಮೇಲೆ ಇಟ್ಕೊಂಡು ಬರೆದರೆ ಏನಾಗುತ್ತೆ?

ಇಮೇಲಿಗೆ ಉತ್ತರ ಬರೆಯುವಷ್ಟು ಹೊತ್ತಾದರೆ ಏನೂ ಆಗುವುದಿಲ್ಲ. ದಿನವೂ ಗಂಟೆಗಟ್ಟಲೆ ಆದರೆ ಕತ್ತು, ನಡು ಎರಡೂ ಕೆಡುತ್ತವೆ. ಇನ್ನೊಂದು ತೊಂದರೆಯೂ ಇದೆ: ಲ್ಯಾಪ್‌ಟಾಪಿನ ಬಿಸಿ ದಿನವೂ ಒಂದೇ ಕಡೆ ತಗಲಿದರೆ, ಸುಡುವಷ್ಟು ಬಿಸಿಯಿಲ್ಲದಿದ್ದರೂ ತೊಡೆಯ ಚರ್ಮದ ಮೇಲೆ ಬಲೆಯಂಥ ಕಂದುಗೆಂಪು ಕಲೆ ಮೂಡುತ್ತದೆ. ಬಿಸಿ ತಪ್ಪಿಸಿದರೆ ಸಾಮಾನ್ಯವಾಗಿ ನಿಧಾನಕ್ಕೆ ಮಾಯುತ್ತದೆ, ವರ್ಷಗಟ್ಟಲೆ ಮುಂದುವರಿಸಿದರೆ ಉಳಿದುಬಿಡಬಹುದು.

ನಿಂತು ಬರೆಯೋ ಮೇಜು ತಗೊಂಡರೆ ಬೆನ್ನುನೋವು ಹೋಗುತ್ತಾ?

ಬದಲಾಯಿಸಲು ಇನ್ನೊಂದು ಭಂಗಿ ಸಿಗುತ್ತದೆ, ಅಷ್ಟರಮಟ್ಟಿಗೆ ಲಾಭ. ದಿನವಿಡೀ ನಿಂತರೆ ಹಿಮ್ಮಡಿ ನೋಯುತ್ತದೆ, ಕಾಲಿನ ರಕ್ತನಾಳ ಉಬ್ಬುವ ತೊಂದರೆ ಇರುವವರಿಗೆ ಅದು ಹೆಚ್ಚಾಗುತ್ತದೆ. ಅರ್ಧ ಗಂಟೆ ಕೂತು, ಕಾಲು ಗಂಟೆ ನಿಂತು ಬರೆಯುವಂತೆ ನೋಡಿಕೊಳ್ಳಿ. ಅಡುಗೆಮನೆಯ ಕಟ್ಟೆ ನಿಮ್ಮ ಮೊಣಕೈ ಎತ್ತರಕ್ಕಿದ್ದರೆ ದುಡ್ಡು ಖರ್ಚು ಮಾಡುವ ಮೊದಲು ಅಲ್ಲೇ ಒಂದು ವಾರ ಅಭ್ಯಾಸ ಮಾಡಿ ನೋಡಿ.

## ಕಣ್ಣು

ಸಂಜೆ ಹೊತ್ತಿಗೆ ಕಣ್ಣು ಉರಿ, ಮರಳು ಬಿದ್ದ ಹಾಗೆ ಆಗುತ್ತೆ. ಕನ್ನಡಕದ ನಂಬರ್ ಏರಿದೆಯಾ?

ಇರಬಹುದು, ಆದರೆ ಮೊದಲು ಒಣಗಣ್ಣನ್ನು ಅನುಮಾನಿಸಿ. ಸುಮ್ಮನಿದ್ದಾಗ ನಾವು ನಿಮಿಷಕ್ಕೆ 15–20 ಸಲ ರೆಪ್ಪೆ ಬಡಿಯುತ್ತೇವೆ, ಪರದೆ ನೋಡುವಾಗ ಅದು ಅರ್ಧಕ್ಕೂ ಕೆಳಗಿಳಿಯುತ್ತದೆ. ಬಡಿದರೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕಣ್ಣೀರಿನ ತೆಳು ಪದರ ಅಲ್ಲಲ್ಲಿ ಒಡೆದು ಉರಿ ಶುರುವಾಗುತ್ತದೆ. ವಿಚಿತ್ರವೆಂದರೆ ಒಣಗಿದ ಕಣ್ಣು ಕೆಲವೊಮ್ಮೆ ಧಾರಾಳವಾಗಿ ನೀರು ಸುರಿಸುತ್ತದೆ. ಹಾಗಾಗಿ ‘ನನಗೆ ನೀರು ಬರುತ್ತೆ, ಒಣಗಿಲ್ಲ’ ಎಂದುಕೊಳ್ಳಬೇಡಿ.

ನಮ್ಮ ಮನೆಗಳಲ್ಲಿ ಇದಕ್ಕೆ ದೊಡ್ಡ ಕಾರಣ ಫ್ಯಾನು. ಸೀಲಿಂಗ್ ಫ್ಯಾನಿನ ನೇರ ಕೆಳಗೆ ಅಥವಾ ಟೇಬಲ್ ಫ್ಯಾನಿನ ಎದುರು ಕೂತರೆ ಗಾಳಿ ಕಣ್ಣೀರನ್ನು ಆರಿಸುತ್ತಲೇ ಇರುತ್ತದೆ. ಟೇಬಲನ್ನು ಮೂರು ಅಡಿ ಸರಿಸಿ, ಟೇಬಲ್ ಫ್ಯಾನನ್ನು ಬೆನ್ನಿಗೆ ತಿರುಗಿಸಿ. ಕಚೇರಿಯಲ್ಲಿ ಏಸಿಯ ಗಾಳಿ ಮುಖಕ್ಕೆ ಬಡಿಯದಂತೆ ಜಾಗ ಬದಲಿಸಿ.

ಆಮೇಲೆ 20-20-20: ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು, ಇಪ್ಪತ್ತು ಸೆಕೆಂಡು ನೋಡುವುದು. ನಗರದ ಕೋಣೆಯಲ್ಲಿ ಇಪ್ಪತ್ತು ಅಡಿ ಸಿಗುವುದಿಲ್ಲ, ಕಿಟಕಿಯಾಚೆ ನೋಡಿ. ನೋಡುತ್ತಾ ಹತ್ತು ಸಲ ರೆಪ್ಪೆಯನ್ನು ಪೂರ್ತಿ ಮುಚ್ಚಿ, ಒಂದು ಕ್ಷಣ ತಡೆದು, ತೆರೆಯಿರಿ.

ಇಷ್ಟಾದರೂ ಉರಿ ಉಳಿದರೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಕೃತಕ ಕಣ್ಣೀರಿನ ಹನಿ ಉಪಯೋಗಿಸಬಹುದು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ. ಕೆಂಪು ತೆಗೆಯುವ ಹನಿ ಬೇಡ. ಹಿಂದೆ ಯಾವಾಗಲೋ ಬರೆದುಕೊಟ್ಟ ಸ್ಟಿರಾಯ್ಡ್ ಹನಿಯನ್ನು ಮತ್ತೆ ತರಿಸಿ ಹಾಕಿಕೊಳ್ಳಲೇಬೇಡಿ, ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗುವ ಅಪಾಯವಿದೆ.

ಕನ್ನಡ ಅಕ್ಷರ ಯಾವ ಗಾತ್ರದಲ್ಲಿ ಇಟ್ಕೊಂಡು ಬರೀಬೇಕು? ಇಂಗ್ಲಿಷ್ 12ರಲ್ಲಿ ಚೆನ್ನಾಗಿ ಕಾಣುತ್ತೆ, ಕನ್ನಡ ಕಾಣಲ್ಲ.

ಕಾಣದಿರುವುದು ನಿಮ್ಮ ಕಣ್ಣಿನ ತಪ್ಪಲ್ಲ. ಕನ್ನಡದಲ್ಲಿ ಒಂದೇ ಅಕ್ಷರದ ಜಾಗದಲ್ಲಿ ಮೇಲೆ ಗುಣಿತ, ನಡುವೆ ಮೂಲಾಕ್ಷರ, ಕೆಳಗೆ ಒತ್ತು ಎಲ್ಲ ಸೇರಬೇಕು. ‘ರಾಷ್ಟ್ರ’ದಲ್ಲಿ ಷಕಾರದ ಕೆಳಗೆ ಎರಡೆರಡು ಒತ್ತುಗಳಿವೆ. 12 ಪಾಯಿಂಟಿನಲ್ಲಿ ಆ ಒತ್ತುಗಳಿಗೆ ಸಿಗುವುದು ಬೆರಳೆಣಿಕೆಯ ಚುಕ್ಕೆಗಳು. ಥ–ಧ, ಪ–ಷ, ಮ–ಯ, ವ–ಪ ಇವುಗಳ ವ್ಯತ್ಯಾಸ ಒಂದು ಸಣ್ಣ ಗೆರೆಯದು, ಅದನ್ನು ಹಿಡಿಯಲು ಕಣ್ಣು ಕಿರಿದಾಗುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ. ಕತ್ತುನೋವಿಗೆ ಕುರ್ಚಿಯನ್ನು ದೂರುವ ಎಷ್ಟೋ ಮಂದಿಗೆ ನಿಜವಾದ ಕಾರಣ ಅಕ್ಷರದ ಗಾತ್ರ.

ಅಚ್ಚಿಗೆ ಯಾವ ಗಾತ್ರ ಬೇಕಾದರೂ ಇರಲಿ, ಬರೆಯುವಾಗ 16 ಪಾಯಿಂಟ್, ಸಾಲಿನ ಅಂತರ 1.5 ಇಟ್ಟುಕೊಳ್ಳಿ. ಕಡತದ ವಿನ್ಯಾಸ ಮುಟ್ಟುವಂತಿಲ್ಲವಾದರೆ ಜೂಮ್ ಶೇಕಡಾ 140–150ಕ್ಕೆ ಏರಿಸಿ. ಒತ್ತುಗಳು ಬಿಡಿಬಿಡಿಯಾಗಿ ಕಾಣುವ, ಗೆರೆ ತೀರಾ ತೆಳುವಲ್ಲದ ಫಾಂಟ್ ಆರಿಸಿ. ನೋಟೋ ಸಾನ್ಸ್ ಕನ್ನಡ ಪರದೆಗೆ ಒಳ್ಳೆಯದು, ಪುಕ್ಕಟೆಯಾಗಿ ಸಿಗುತ್ತದೆ. ಪರೀಕ್ಷೆ ಸುಲಭ: ಬೆನ್ನು ಕುರ್ಚಿಗೆ ಆನಿಸಿ, ಪರದೆ ಒಂದು ತೋಳಿನಷ್ಟು ದೂರ ಇದ್ದಾಗ ‘ಶಾಸ್ತ್ರ’, ‘ಸ್ವಾತಂತ್ರ್ಯ’, ‘ಉಚ್ಛ್ವಾಸ’ ಈ ಮೂರರ ಒತ್ತುಗಳನ್ನು ಊಹಿಸದೆ ಓದಲು ಬರಬೇಕು.

ಚಾಳೀಸು ಬಂದಿದೆ. ಬೈಫೋಕಲ್ ಹಾಕ್ಕೊಂಡು ಪರದೆ ನೋಡುವಾಗ ಗಲ್ಲ ಮೇಲೆತ್ತಬೇಕಾಗುತ್ತೆ. ಇದಕ್ಕೆ ದಾರಿ ಇದೆಯಾ?

ಬೈಫೋಕಲ್ಲಿನ ಕೆಳಭಾಗ ಓದುವ ದೂರಕ್ಕೆ, ಅಂದರೆ ಒಂದೂಕಾಲು ಅಡಿಗೆ ಮಾಡಿದ್ದು. ಪರದೆ ಇರುವುದು ಎರಡು ಅಡಿಯಲ್ಲಿ. ಕೆಳಭಾಗದಿಂದ ನೋಡಲು ಗಲ್ಲ ಎತ್ತಿ, ಸಾಲದ್ದಕ್ಕೆ ಮುಂದಕ್ಕೆ ಬಾಗುತ್ತೀರಿ. ಸದ್ಯಕ್ಕೆ ಪರದೆಯನ್ನು ನಾಲ್ಕೈದು ಇಂಚು ಕೆಳಗಿಳಿಸಿ, ಮೇಲಂಚು ಹಿಂದಕ್ಕೆ ವಾಲಿಸಿ. ಶಾಶ್ವತ ದಾರಿಯೆಂದರೆ ಕಂಪ್ಯೂಟರಿಗೇ ಒಂದು ಪ್ರತ್ಯೇಕ ಕನ್ನಡಕ. ಕಣ್ಣು ಪರೀಕ್ಷೆಗೆ ಹೋಗುವ ಮೊದಲು ಕೂತು ಬರೆಯುವಾಗ ಕಣ್ಣಿನಿಂದ ಪರದೆಗೆ ಎಷ್ಟು ಸೆಂಟಿಮೀಟರ್ ಎಂದು ಟೇಪಿನಲ್ಲಿ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಆ ದೂರಕ್ಕೇ ನಂಬರ್ ಕೊಡಿ ಎಂದು ಕೇಳಿ.

ನೀಲಿ ಬೆಳಕು ತಡೆಯೋ ಕನ್ನಡಕ, ಕಪ್ಪು ಹಿನ್ನೆಲೆ ಇವೆಲ್ಲ ಬೇಕಾ?

ನೀಲಿ ಬೆಳಕಿನ ಕನ್ನಡಕಕ್ಕೆ ದುಡ್ಡು ಹಾಕಬೇಡಿ. ಇದರ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯಲ್ಲಿ, ಸಾಮಾನ್ಯ ಕನ್ನಡಕಕ್ಕಿಂತ ಇದರಿಂದ ಕಣ್ಣಿನ ಆಯಾಸ ಕಡಿಮೆಯಾದಂತೆ ಕಂಡುಬರಲಿಲ್ಲ. ಕಪ್ಪು ಹಿನ್ನೆಲೆ ರುಚಿಯ ವಿಷಯ. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ) ಇರುವವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರ ಚೆದುರಿದಂತೆ ಕಾಣುತ್ತದೆ, ಒತ್ತಕ್ಷರಗಳಲ್ಲಿ ಅದು ಇನ್ನೂ ಹೆಚ್ಚು. ಪರದೆಯ ಬೆಳಕು ಅದರ ಹಿಂದಿನ ಗೋಡೆಯಷ್ಟೇ ಇದ್ದರೆ ಸಾಕು. ದೀಪ ಆರಿಸಿ ಕತ್ತಲಲ್ಲಿ ಬರೆಯುವುದು ಬೇಡ. ಕಿಟಕಿ ಎದುರಿಗೂ ಬೆನ್ನಿಗೂ ಬರದೆ ಪಕ್ಕಕ್ಕೆ ಬರಲಿ. ಪರದೆ ಆರಿಸಿದಾಗ ಅದರಲ್ಲಿ ಟ್ಯೂಬ್‌ಲೈಟೋ ಕಿಟಕಿಯೋ ಕಂಡರೆ, ಬರೆಯುವಾಗಲೂ ಆ ಪ್ರತಿಫಲನ ಅಲ್ಲೇ ಇರುತ್ತದೆ ಎಂದು ಅರ್ಥ.

## ಕೈ ಮತ್ತು ಕೀಲಿಮಣೆ

ಇಂಗ್ಲಿಷ್ ಎಷ್ಟು ಹೊತ್ತು ಟೈಪ್ ಮಾಡಿದರೂ ಏನಾಗಲ್ಲ. ಕನ್ನಡ ಟೈಪ್ ಮಾಡಿದರೆ ಕಿರುಬೆರಳು ನೋಯುತ್ತೆ. ನನ್ನ ಭ್ರಮೆಯಾ?

ಭ್ರಮೆಯಲ್ಲ, ಕಾರಣ ಶಿಫ್ಟ್ ಕೀಲಿ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯಲ್ಲಿ ಬಳಸುವ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ದೀರ್ಘ ಸ್ವರಗಳು, ಬಹುಪಾಲು ಮಹಾಪ್ರಾಣಗಳು, ಅನುಸ್ವಾರ, ಣ, ಳ, ಶ ಇವೆಲ್ಲ ಶಿಫ್ಟ್ ಹಿಡಿದೇ ಬರುತ್ತವೆ. ‘ಭಾಷಾಂತರ’ ಎಂಬ ಪದವನ್ನೇ ನೋಡಿ. ಏಳು ಕೀಲಿಗಳಲ್ಲಿ ನಾಲ್ಕಕ್ಕೆ ಶಿಫ್ಟ್ ಬೇಕು: ಭ, ಎರಡು ದೀರ್ಘ, ಒಂದು ಸೊನ್ನೆ. ಇಂಗ್ಲಿಷಿನಲ್ಲಿ ವಾಕ್ಯಕ್ಕೆ ಒಂದೆರಡು ಸಲ ದುಡಿಯುವ ಕಿರುಬೆರಳು ಇಲ್ಲಿ ಪದಪದಕ್ಕೂ ಚಾಚಿ ಒತ್ತಿ ಹಿಡಿಯಬೇಕು, ಅದೂ ಎಲ್ಲಕ್ಕಿಂತ ಬಲ ಕಡಿಮೆಯಿರುವ ಬೆರಳು.

ಎಡಗೈ ತೋರುಬೆರಳಿಗೂ ಇಲ್ಲಿ ಹೆಚ್ಚು ಕೆಲಸ. ಒತ್ತಕ್ಷರ ಕೂಡಿಸುವ ‘ಎಫ್’ ಕೀಲಿ ಅದರದೇ, ‘ವ’ಕಾರವೂ ಅದರದೇ. ‘ವಿಶ್ವವಿದ್ಯಾಲಯ’ ಬರೆಯಲು ಬೇಕಾದ 13 ಕೀಲಿಹೊಡೆತಗಳಲ್ಲಿ 5 ಆ ಒಂದೇ ಬೆರಳಿನವು.

ಮಾಡಬಹುದಾದದ್ದು ನಾಲ್ಕು. ಮೊದಲನೆಯದು, ಎರಡು ಶಿಫ್ಟುಗಳನ್ನೂ ಬಳಸುವುದು. ಎಡಗೈ ಅಕ್ಷರಕ್ಕೆ ಬಲ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡ ಶಿಫ್ಟ್. ದೀರ್ಘ ಮೂಡಿಸುವ ಇಂಗ್ಲಿಷ್ ‘ಎ’ (A) ಕೀಲಿಗೆ ಎಡ ಶಿಫ್ಟ್ ಹಿಡಿಯುವವರೇ ಹೆಚ್ಚು. ಆಗ ಕಿರುಬೆರಳು ಶಿಫ್ಟಿನಲ್ಲಿ ಸಿಕ್ಕಿಕೊಂಡು, ಪಕ್ಕದ ಕೀಲಿಗೆ ಉಂಗುರ ಬೆರಳು ತಿರುಚಿಕೊಳ್ಳುತ್ತದೆ, ಮಣಿಕಟ್ಟು ಹೊರಗೆ ವಾಲುತ್ತದೆ. ನೋವು ಬೀಳುವುದು ಅಲ್ಲೇ. ಅಭ್ಯಾಸ ಬದಲಾಗಲು ಎರಡು ಮೂರು ವಾರ ಬೇಕು, ಆ ಅವಧಿಯಲ್ಲಿ ವೇಗ ಇಳಿಯುತ್ತದೆ.

ಎರಡನೆಯದು, ವಿಂಡೋಸಿನ ಸ್ಟಿಕಿ ಕೀಸ್. ಶಿಫ್ಟನ್ನು ಐದು ಸಲ ಒತ್ತಿದರೆ ಅದನ್ನು ಶುರುಮಾಡಲೇ ಎಂದು ಕೇಳುತ್ತದೆ. ಆಮೇಲೆ ಶಿಫ್ಟ್ ಹಿಡಿದುಕೊಳ್ಳಬೇಕಾಗಿಲ್ಲ, ಒಮ್ಮೆ ತಟ್ಟಿ ಬಿಟ್ಟು ಅಕ್ಷರ ಹೊಡೆದರೆ ಸಾಕು. ಹಳೆಯ ಕನ್ನಡ ತಂತ್ರಾಂಶಗಳಲ್ಲಿ ಮೊದಲು ಒಂದು ಸಾಲು ಹೊಡೆದು ಸರಿಯಾಗಿ ಮೂಡುತ್ತದೆಯೇ ನೋಡಿಕೊಳ್ಳಿ.

ಮೂರನೆಯದು, ಪದೇ ಪದೇ ಬರುವ ಉದ್ದ ಪದಗಳಿಗೆ ಕಿರುರೂಪ. ವರ್ಡ್ ಮತ್ತು ಲಿಬ್ರೆ ಆಫೀಸ್ ಎರಡರಲ್ಲೂ ಆಟೋಕರೆಕ್ಟ್ ಪಟ್ಟಿಗೆ ನಿಮ್ಮದೇ ಜೋಡಿಗಳನ್ನು ಸೇರಿಸಬಹುದು. ‘ವಿವಿ’ ಎಂದು ಹೊಡೆದು ಸ್ಪೇಸ್ ಒತ್ತಿದರೆ ‘ವಿಶ್ವವಿದ್ಯಾಲಯ’, ‘ಕಸಾಪ’ ಎಂದರೆ ‘ಕನ್ನಡ ಸಾಹಿತ್ಯ ಪರಿಷತ್ತು’. ಕಾದಂಬರಿಯ ಪಾತ್ರಗಳ ಹೆಸರಿಗೂ ಹೀಗೆ ಮಾಡಿ. ಬರಹದಲ್ಲಿ ನಿಜಕ್ಕೂ ಬರಬಹುದಾದ ಪದವನ್ನು ಕಿರುರೂಪವಾಗಿ ಇಡಬೇಡಿ.

ನಾಲ್ಕನೆಯದು, ವಿನ್ಯಾಸವನ್ನೇ ಬದಲಿಸುವುದು. ಭಾರತೀಯ ಭಾಷೆಗಳಿಗೆ ಸರ್ಕಾರ ಗೊತ್ತುಮಾಡಿದ ಕೀಲಿಮಣೆ ವಿನ್ಯಾಸ ಇನ್‌ಸ್ಕ್ರಿಪ್ಟ್. ಇನ್‌ಸ್ಕ್ರಿಪ್ಟಿನಲ್ಲಿ ಗುಣಿತದ ದೀರ್ಘಗಳಿಗೂ ಸೊನ್ನೆಗೂ ಶಿಫ್ಟ್ ಬೇಡ. ಸ್ವರಚಿಹ್ನೆಗಳು ಎಡಗೈಗೆ, ಬಹುತೇಕ ವ್ಯಂಜನಗಳು ಬಲಗೈಗೆ ಇರುವುದರಿಂದ ಎರಡು ಕೈಗೂ ಸರದಿಯಲ್ಲಿ ಬಿಡುವು ಸಿಗುತ್ತದೆ. ಅದೇ ‘ಭಾಷಾಂತರ’ಕ್ಕೆ ಅಲ್ಲಿ ಶಿಫ್ಟ್ ಎರಡೇ ಸಲ. ಆದರೆ ಇಪ್ಪತ್ತು ವರ್ಷದ ಬೆರಳಿನ ನೆನಪನ್ನು ಅಳಿಸುವುದು ಸಣ್ಣ ಕೆಲಸವಲ್ಲ. ಹೊಸದಾಗಿ ಟೈಪಿಂಗ್ ಕಲಿಯುವವರಿಗೆ ಇನ್‌ಸ್ಕ್ರಿಪ್ಟನ್ನೇ ಹೇಳುತ್ತೇವೆ. ಹಳಬರಿಗೆ ಮೊದಲ ಮೂರು ಸಾಲದಿದ್ದಾಗ ಮಾತ್ರ.

ಮಣಿಕಟ್ಟಿನ ಕೆಳಗೆ ಮೆತ್ತೆ ಇಟ್ಕೊಂಡು ಟೈಪ್ ಮಾಡಬಹುದಾ?

ನಿಲ್ಲಿಸಿ ಯೋಚಿಸುವಾಗ ಅಂಗೈಯ ಬುಡ ಊರಲು ಸರಿ, ಟೈಪ್ ಮಾಡುತ್ತಿರುವಾಗ ಬೇಡ. ಮಣಿಕಟ್ಟು ಊರಿದ್ದರೆ ದೂರದ ಕೀಲಿಗೆ ತೋಳು ಹೋಗುವುದಿಲ್ಲ, ಬೆರಳೇ ಚಾಚಬೇಕಾಗುತ್ತದೆ, ಸ್ನಾಯುರಜ್ಜು ಉಜ್ಜಿಕೊಳ್ಳುತ್ತದೆ. ಕೀಬೋರ್ಡಿನ ಹಿಂಭಾಗದ ಎರಡು ಕಾಲುಗಳನ್ನು ಮಡಚಿಬಿಡಿ, ಅವುಗಳಿಂದ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ.

ಮೌಸ್ ಹಿಡಿಯೋ ಕೈಯಲ್ಲಿ ಮೊಣಕೈ ಹೊರಗಡೆ ನೋವು. ಚೊಂಬು ಎತ್ತಿದರೂ ನೋಯುತ್ತೆ.

ಟೆನಿಸ್ ಆಡದಿದ್ದರೂ ಬರುವ ಟೆನಿಸ್ ಎಲ್ಬೋ ಇರಬಹುದು. ಮೌಸ್ ದೂರವಿದ್ದು ತೋಳು ಚಾಚಿಕೊಂಡಿದ್ದಾಗ, ಕ್ಲಿಕ್ ಮಾಡಲು ತೋರುಬೆರಳನ್ನು ಎತ್ತಿ ಹಿಡಿದುಕೊಂಡಿದ್ದಾಗ ಮುಂಗೈಯ ಮೇಲ್ಭಾಗದ ಸ್ನಾಯು ಬಿಡುವಿಲ್ಲದೆ ಬಿಗಿದಿರುತ್ತದೆ. ಬಲಗಡೆ ಅಂಕಿಗಳ ಕೀಲಿಗಳಿಲ್ಲದ ಗಿಡ್ಡ ಕೀಬೋರ್ಡ್ ತಂದರೆ ಮೌಸ್ ನಾಲ್ಕು ಇಂಚು ಹತ್ತಿರ ಬರುತ್ತದೆ. ಇಲ್ಲವೇ ಮೌಸನ್ನು ಎಡಗೈಗೆ ಬದಲಿಸಿ. ಕರಡು ತಿದ್ದುವಾಗ ಕಂಟ್ರೋಲ್ ಹಿಡಿದು ಬಾಣದ ಕೀಲಿ ಒತ್ತಿದರೆ ಪದದಿಂದ ಪದಕ್ಕೆ, ಶಿಫ್ಟನ್ನೂ ಸೇರಿಸಿದರೆ ಪದವೇ ಆಯ್ಕೆಯಾಗುತ್ತದೆ. ಮೌಸಿನ ಅರ್ಧ ಕೆಲಸ ಹೀಗೇ ತಪ್ಪುತ್ತದೆ.

ನಾನು ಕತೆ ಬರೆಯೋದೇ ಫೋನಿನಲ್ಲಿ. ಹೆಬ್ಬೆರಳ ಬುಡ ನೋಯೋಕೆ ಶುರುವಾಗಿದೆ.

ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿ, ಮುಷ್ಟಿಯನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಾಗಿಸಿ. ಮಣಿಕಟ್ಟಿನಲ್ಲಿ ಹೆಬ್ಬೆರಳ ಬದಿಗೆ ಚುಚ್ಚಿದಂತೆ ನೋವಾದರೆ ಅಲ್ಲಿನ ರಜ್ಜು ಊದಿಕೊಂಡಿರುವ ಸಾಧ್ಯತೆ ಹೆಚ್ಚು. ಚಿಕ್ಕ ಮಗುವನ್ನು ಎತ್ತಿಕೊಳ್ಳುವ ತಾಯಂದಿರಲ್ಲೂ ಇದು ಸಾಮಾನ್ಯ, ಎರಡೂ ಸೇರಿದರೆ ಬೇಗ ಉಲ್ಬಣಿಸುತ್ತದೆ. ಫೋನನ್ನು ಸ್ಟ್ಯಾಂಡಿಗೆ ಒರಗಿಸಿ, ಬ್ಲೂಟೂತ್ ಕೀಬೋರ್ಡ್ ಜೋಡಿಸಿ ಬರೆಯಿರಿ. ಅದಿಲ್ಲದಿದ್ದರೆ ಫೋನನ್ನು ಮೇಜಿನ ಮೇಲಿಟ್ಟು ತೋರುಬೆರಳಲ್ಲಿ ಬರೆಯಿರಿ, ಕತೆಯ ಮೊದಲ ಕರಡನ್ನು ಬಾಯಲ್ಲಿ ಹೇಳಿ ಬರೆಸಿ.

## ಹೊತ್ತು, ವಿರಾಮ, ವ್ಯಾಯಾಮ

ಎಷ್ಟು ಹೊತ್ತಿಗೊಮ್ಮೆ ಏಳಬೇಕು? ಎದ್ದರೆ ಓಘ ತಪ್ಪಿ ಹೋಗುತ್ತೆ.

ಏಳಲೇಬೇಕಾದದ್ದು ಗಂಟೆಗೊಮ್ಮೆ, ಐದು ನಿಮಿಷ. ನಡುವೆ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಕೂತಲ್ಲೇ ಅರ್ಧ ನಿಮಿಷ ಕೈ ಕೆಳಗೆ ಬಿಟ್ಟು ದೂರ ನೋಡಿದರೆ ಸಾಕು, ಅದರಿಂದ ಓಘ ಕೆಡುವುದಿಲ್ಲ. ಏಳುವಾಗ ವಾಕ್ಯವನ್ನು ಅರ್ಧಕ್ಕೇ ಬಿಟ್ಟು, ಮುಂದೆ ಬರಬೇಕಾದ ಎರಡು ಪದ ಗುರುತು ಹಾಕಿ ಏಳಿ. ಪ್ಯಾರಾ ಮುಗಿಸಿ ಎದ್ದರೆ ಮರಳಿ ಬಂದಾಗ ಹೊಸದಾಗಿ ಶುರುಮಾಡಬೇಕು, ಅರ್ಧ ವಾಕ್ಯ ತಾನೇ ಎಳೆದುಕೊಳ್ಳುತ್ತದೆ.

ನೆನಪಿಸಲು ಸ್ಟ್ರೆಚ್ಲಿ, ವರ್ಕ್‌ರೇವ್ ಎಂಬ ಉಚಿತ ತಂತ್ರಾಂಶಗಳಿವೆ. ಚಿಕ್ಕ ಲೋಟದಲ್ಲಿ ನೀರಿಟ್ಟುಕೊಳ್ಳುವುದೂ ಒಂದು ಉಪಾಯ, ತುಂಬಿಸಲು ಏಳಲೇಬೇಕಾಗುತ್ತದೆ. ಊಟವಾದ ಕೂಡಲೇ ಬರೆಯಲು ಕೂರುವ ಬದಲು ಹತ್ತು ಹದಿನೈದು ನಿಮಿಷ ನಡೆದು ಬಂದರೆ ರಕ್ತದ ಸಕ್ಕರೆ ಅಷ್ಟು ಏರುವುದಿಲ್ಲ. ಮಧುಮೇಹ ಇರುವವರಿಗೆ ಇದು ತುಂಬ ಮುಖ್ಯ.

ಯಾವ ವ್ಯಾಯಾಮ ಮಾಡಬೇಕು? ಪಟ್ಟಿ ಉದ್ದ ಇದ್ದರೆ ನನ್ನಿಂದ ಆಗಲ್ಲ.

ನಾಲ್ಕೇ ಸಾಕು. ಗಲ್ಲವನ್ನು ಕೆಳಗೆ ಬಗ್ಗಿಸದೆ ನೇರ ಹಿಂದಕ್ಕೆ ಎಳೆದು ಐದು ಸೆಕೆಂಡು ಹಿಡಿಯುವುದು, ಹತ್ತು ಸಲ. ಬೆನ್ನಿನ ರೆಕ್ಕೆಮೂಳೆಗಳನ್ನು ಒಂದಕ್ಕೊಂದು ತಾಗಿಸುವಂತೆ ಹಿಂದಕ್ಕೆ ಸೇರಿಸುವುದು, ಹತ್ತು ಸಲ. ಮೊಣಕೈ ನೇರಮಾಡಿ, ಅಂಗೈ ಕೆಳಗಿಟ್ಟು, ಇನ್ನೊಂದು ಕೈಯಿಂದ ಬೆರಳುಗಳನ್ನು ಮೆಲ್ಲಗೆ ತನ್ನತ್ತ ಬಗ್ಗಿಸಿ ಇಪ್ಪತ್ತು ಸೆಕೆಂಡು, ಪ್ರತಿ ಕೈಗೆ ಮೂರು ಸಲ. ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಇಪ್ಪತ್ತು ಸಲ. ಎಳೆತ ಅನಿಸಬೇಕು, ನೋವಾಗಬಾರದು. ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ.

ಇವು ಬಿಗಿತ ಬಿಡಿಸುತ್ತವೆ ಅಷ್ಟೇ. ವಾರಕ್ಕೆ 150 ನಿಮಿಷದ ಚುರುಕು ನಡಿಗೆ, ಎರಡು ದಿನ ಸ್ನಾಯುಬಲದ ವ್ಯಾಯಾಮ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಬರಹಗಾರರಿಗೂ ಬಿಡುವುದಿಲ್ಲ.

ಗಡುವು ಹತ್ತಿರ ಬಂದಿದೆ. ಇನ್ನೊಂದು ವಾರ ದಿನಕ್ಕೆ ಹತ್ತು ಗಂಟೆ ಕೂರಲೇಬೇಕು. ಹೇಗೆ ತಡ್ಕೊಳ್ಳಲಿ?

ಒಂದೇ ಬಗೆಯ ಕೆಲಸವನ್ನು ಉದ್ದಕ್ಕೆ ಮಾಡಬೇಡಿ. ಎರಡು ಗಂಟೆ ಟೈಪಿಂಗ್ ಆದ ಮೇಲೆ ಒಂದು ಗಂಟೆ ಅಚ್ಚು ತೆಗೆದ ಪುಟಗಳನ್ನು ಪೆನ್ನಿನಲ್ಲಿ ತಿದ್ದಿ, ಫೋನಿನಲ್ಲಿ ಮಾಡಬೇಕಾದ ವಿಚಾರಣೆಗಳನ್ನು ನಡೆಯುತ್ತಾ ಮಾಡಿ. ನೋವಿನ ಮಾತ್ರೆ ನುಂಗಿ ಟೈಪ್ ಮಾಡುವುದನ್ನು ಮಾತ್ರ ಮಾಡಬೇಡಿ. ನೋವು ಅಡಗಿರುತ್ತದೆ, ಪೆಟ್ಟು ಬೀಳುತ್ತಲೇ ಇರುತ್ತದೆ. ನಿದ್ದೆ ಬಿಟ್ಟು ಗಳಿಸಿದ ಎರಡು ಗಂಟೆ ಮರುದಿನದ ತಪ್ಪು ತಿದ್ದುವುದರಲ್ಲಿ ಹೋಗುತ್ತದೆ.

## ನೋವು ಶುರುವಾದ ಮೇಲೆ

ರಾತ್ರಿ ಬೆರಳು ಜೋಮು ಹಿಡಿದು ಎಚ್ಚರ ಆಗುತ್ತೆ. ಕಾರ್ಪಲ್ ಟನಲ್ ಅಂತಾರಲ್ಲ, ಅದೇನಾ?

ಯಾವ ಬೆರಳು ಎಂಬುದನ್ನು ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಜೋಮು ಹಿಡಿದು, ಕೈ ಕೊಡವಿದರೆ ಹಾಯೆನಿಸಿದರೆ ಅದೇ ಇರಬಹುದು. ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಳ್ಳುತ್ತದೆ. ಕಿರುಬೆರಳು ಮತ್ತು ಉಂಗುರ ಬೆರಳಿನ ಇನ್ನರ್ಧ ಆದರೆ ತೊಂದರೆ ಮೊಣಕೈಯದು: ಟೇಬಲ್ಲಿನ ಅಂಚಿಗೆ ಮೊಣಕೈ ಊರಿ ಯೋಚಿಸುವ ಅಭ್ಯಾಸ, ಕೈ ಮಡಚಿ ಫೋನ್ ಹಿಡಿಯುವ ಅಭ್ಯಾಸ ನೋಡಿ. ಐದೂ ಬೆರಳಿಗೆ ಬಂದು ಕತ್ತು ತಿರುಗಿಸಿದಾಗ ಹೆಚ್ಚಾದರೆ ಕತ್ತನ್ನು ಪರೀಕ್ಷಿಸಬೇಕು.

ಕಾರ್ಪಲ್ ಟನಲ್ಲಿಗೆ ಟೈಪಿಂಗ್ ಒಂದೇ ಕಾರಣ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಥೈರಾಯ್ಡ್ ಕೊರತೆ, ಮಧುಮೇಹ, ಗರ್ಭಾವಸ್ಥೆ ಇವುಗಳಲ್ಲಿ ಹೆಚ್ಚು ಕಾಣಿಸುತ್ತದೆ. ಆದ್ದರಿಂದ ಕೀಬೋರ್ಡನ್ನು ಮಾತ್ರ ದೂರಿ ಸುಮ್ಮನಾಗದೆ ರಕ್ತಪರೀಕ್ಷೆಯನ್ನೂ ಮಾಡಿಸಿ. ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿಯನ್ನು ರಾತ್ರಿ ಮಲಗುವಾಗ ಆರು ವಾರ ಹಾಕಿಕೊಂಡರೆ ಆರಂಭದ ಹಂತದಲ್ಲಿ ಎಷ್ಟೋ ಮಂದಿಗೆ ಗುಣ ಕಾಣುತ್ತದೆ. ಹಗಲು ಅದನ್ನು ಕಟ್ಟಿಕೊಂಡು ಟೈಪ್ ಮಾಡಬೇಡಿ. ಹೆಬ್ಬೆರಳ ಬುಡದ ಮಾಂಸ ಇಳಿದುಹೋಗಿದ್ದರೆ, ಗುಂಡಿ ಹಾಕಲು ಬಾರದಿದ್ದರೆ, ಆರು ವಾರ ಕಾಯದೆ ವೈದ್ಯರನ್ನು ಕಾಣಿ.

ಬಾಯಲ್ಲಿ ಹೇಳಿ ಟೈಪ್ ಮಾಡಿಸೋದು ಕನ್ನಡದಲ್ಲಿ ಆಗುತ್ತಾ?

ಆಗುತ್ತದೆ. ಕ್ರೋಮಿನಲ್ಲಿ ಗೂಗಲ್ ಡಾಕ್ಸ್ ತೆರೆದು ಟೂಲ್ಸ್ ಪಟ್ಟಿಯಿಂದ ವಾಯ್ಸ್ ಟೈಪಿಂಗ್ ಆರಿಸಿ, ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಫೋನಿನಲ್ಲಿ ಗೂಗಲ್‌ನದೇ ಕೀಲಿಮಣೆಯಾದ ಜಿಬೋರ್ಡಿನ ಮೈಕ್ ಇದೆ. ಬರಹದ ಭಾಷೆಯನ್ನು ಅಕ್ಷರ ಅಕ್ಷರ ಬಿಡಿಸಿ ಹೇಳುವುದಕ್ಕಿಂತ ಸಹಜ ವೇಗದಲ್ಲಿ ಇಡೀ ವಾಕ್ಯ ಹೇಳಿದರೆ ತಪ್ಪು ಕಡಿಮೆ. ಅಲ್ಪವಿರಾಮ, ಪೂರ್ಣವಿರಾಮಗಳನ್ನು ಆಮೇಲೆ ಕೈಯಲ್ಲಿ ಹಾಕಿಕೊಳ್ಳಲು ಸಿದ್ಧರಿರಿ. ಆಡುಮಾತಿನ ಸಂಭಾಷಣೆಗೆ, ಹಳಗನ್ನಡದ ಉಲ್ಲೇಖಕ್ಕೆ ಇದು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಒಂದೇ ಉಸಿರಿಗೆ ಗಂಟೆಗಟ್ಟಲೆ ಹೇಳಿದರೆ ಗಂಟಲು ಕೂರುತ್ತದೆ, ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ ನೀರು ಕುಡಿಯಿರಿ.

ಯಾವಾಗ ಡಾಕ್ಟರ ಹತ್ತಿರ ಹೋಗಲೇಬೇಕು?

ಒಂದು ರಾತ್ರಿಯ ವಿಶ್ರಾಂತಿಯಿಂದ ಹೋಗುವ ನೋವನ್ನು ಜಾಗ ಸರಿಮಾಡಿಕೊಂಡು ನೋಡಬಹುದು. ಎರಡು ವಾರವಾದರೂ ಉಳಿದರೆ, ಬೆಳಗ್ಗೆ ಎದ್ದಾಗಲೇ ಇದ್ದರೆ, ಕೈಯಿಂದ ಲೋಟ ಜಾರಲು ಶುರುವಾದರೆ ಹೋಗಿ. ಇವುಗಳಿಗೆ ಅದೇ ದಿನ ಹೋಗಬೇಕು: ಬೆನ್ನುನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು, ಕಾಲು ಸೋಲುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಕಣ್ಣೆದುರು ಮಿಂಚು ಅಥವಾ ತೆರೆ ಇಳಿದಂತೆ ಕಾಣುವುದು. ಎಡಭುಜದ ನೋವಿನ ಜೊತೆ ಎದೆಬಿಗಿತ, ಬೆವರು ಇದ್ದರೆ ಅದನ್ನು ಟೈಪಿಂಗಿನ ಲೆಕ್ಕಕ್ಕೆ ಹಾಕದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹೋಗುವಾಗ ನೀವು ಬರೆಯುವ ಭಂಗಿಯ ಒಂದು ಫೋಟೋವನ್ನು ಪಕ್ಕದಿಂದ ತೆಗೆಸಿಕೊಂಡು ಹೋಗಿ. ಫಿಸಿಯೋಥೆರಪಿಸ್ಟ್‌ಗೆ ಹತ್ತು ಮಾತಿಗಿಂತ ಅದು ಹೆಚ್ಚು ತಿಳಿಸುತ್ತದೆ.

ಒಂದು ತಿಂಗಳು ಕೈಗೆ ವಿಶ್ರಾಂತಿ ಕೊಟ್ಟೆ. ಈಗ ಮತ್ತೆ ಹೇಗೆ ಶುರುಮಾಡಲಿ?

ಮೊದಲ ವಾರ ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ, ನಡುವೆ ಕನಿಷ್ಠ ಒಂದು ಗಂಟೆ ಬಿಡುವು. ಮಾರನೆಯ ಬೆಳಗ್ಗೆ ನೋವು ಹಿಂದಿನ ದಿನಕ್ಕಿಂತ ಹೆಚ್ಚಿಲ್ಲದಿದ್ದರೆ ಸರದಿಗೆ ಐದು ನಿಮಿಷ ಸೇರಿಸುತ್ತಾ ಬನ್ನಿ. ಹೆಚ್ಚಾಗಿದ್ದರೆ ಎರಡು ದಿನ ಹಿಂದಿನ ಅಳತೆಗೆ ಇಳಿಯಿರಿ, ಪೂರ್ತಿ ನಿಲ್ಲಿಸಬೇಡಿ. ಬರೆಯುವಾಗ ನೋಯುತ್ತದೆಯೇ ಎನ್ನುವುದಕ್ಕಿಂತ ಮಾರನೆಯ ಬೆಳಗಿನ ಸ್ಥಿತಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ, ಬರೆಯುವ ಹುಮ್ಮಸ್ಸಿನಲ್ಲಿ ನೋವು ಗೊತ್ತಾಗುವುದಿಲ್ಲ. ಈ ಅವಧಿಯಲ್ಲಿ ಹೊಸ ಬರವಣಿಗೆಯನ್ನಷ್ಟೇ ಮಾಡಿ. ಹಳೆಯ ಕಡತಗಳ ತಿದ್ದುಪಡಿ, ಫಾಂಟ್ ಬದಲಾವಣೆ, ಪುಟವಿನ್ಯಾಸದಂಥ ಮೌಸ್ ಹೆಚ್ಚು ಬೇಡುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಅಥವಾ ಆರು ವಾರ ಮುಂದೂಡಿ.